ನಲಿಕಲಿ ತರಗತಿ ಮೊದಲ ಸಲ ಕೈಗೆ ಬಂದಾಗ: ಧೈರ್ಯ ಕುದುರುವವರೆಗಿನ ಹೆಜ್ಜೆಗಳು

ಹತ್ತು ವರ್ಷ ನಾಲ್ಕು, ಐದನೇ ತರಗತಿಗೆ ಪಾಠ ಮಾಡಿದ ಶಿಕ್ಷಕಿ. ಊರಿನಲ್ಲಿ ಒಳ್ಳೆಯ ಹೆಸರಿದೆ. ಜೂನ್ ಮೊದಲ ವಾರ ಮುಖ್ಯ ಶಿಕ್ಷಕರು, "ಈ ವರ್ಷ ನಲಿಕಲಿ ನೀವೇ ನೋಡ್ಕೊಳ್ಳಿ ಮೇಡಂ" ಎನ್ನುತ್ತಾರೆ. ನಲಿಕಲಿ ಎಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಬಾಗಿಲು ತೆರೆದರೆ ತಲೆಯ ಮೇಲೆ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ, ಗೋಡೆಯಲ್ಲಿ ಕಾರ್ಡುಗಳ ಕ್ರಮ ತೋರಿಸುವ ಕಲಿಕಾ ಏಣಿ, ಮಗುವಿನ ಎತ್ತರಕ್ಕೆ ಬಳಿದ ಕರಿಹಲಗೆ, ಟ್ರೇ ತುಂಬ ಕಾರ್ಡು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಐದು ಗುಂಪಿನಲ್ಲಿ ಕೂರಬೇಕು. ಹಲಗೆಯ ಮುಂದೆ ನಿಂತು ಇಡೀ ತರಗತಿಯನ್ನು ಹಿಡಿದಿಡುವ ಅವರ ಕಲೆಗೆ ಇಲ್ಲಿ ಜಾಗವೇ ಕಾಣುವುದಿಲ್ಲ. ವರ್ಷಗಟ್ಟಲೆ ಗಳಿಸಿದ ಆತ್ಮವಿಶ್ವಾಸ ಒಂದೇ ಬೆಳಗಿನಲ್ಲಿ ಕರಗುತ್ತದೆ.

ಇದು ಆ ಶಿಕ್ಷಕಿಯ ಕೊರತೆಯಲ್ಲ. ನುರಿತವರು ಮತ್ತೆ ಹೊಸಬರಾಗಬೇಕಾದಾಗ ಯಾರಿಗಾದರೂ ಆಗುವುದು ಇದೇ. ನಿನ್ನೆ ಸೇವೆಗೆ ಸೇರಿದವರಿಗಿಂತ ಹದಿನೈದು ವರ್ಷ ದುಡಿದವರಿಗೆ ಇದು ಹೆಚ್ಚು ನೋಯುತ್ತದೆ, ಏಕೆಂದರೆ ಕಳೆದುಕೊಳ್ಳಲು ಅವರ ಬಳಿ ಹೆಚ್ಚಿದೆ.

ಹೊಸ ಪಠ್ಯಕ್ರಮ ತರುವವರು ಸಾಮಾನ್ಯವಾಗಿ ಮೊದಲು ಶಿಕ್ಷಕರ ಮನಸ್ಸು ಒಲಿಸಲು ಹೊರಡುತ್ತಾರೆ. ಮನಸ್ಸು ಬದಲಾದರೆ ಪಾಠ ಬದಲಾಗುತ್ತದೆ, ಪಾಠ ಬದಲಾದರೆ ಮಕ್ಕಳು ಕಲಿಯುತ್ತಾರೆ ಎಂಬ ಲೆಕ್ಕ. ಅಮೆರಿಕದ ಶಿಕ್ಷಣ ಸಂಶೋಧಕ ಥಾಮಸ್ ಗಸ್ಕಿ 1986ರಲ್ಲೇ ಈ ಸಾಲನ್ನು ತಿರುಗಿಸಿದರು. ಶಿಕ್ಷಕರು ಮೊದಲು ಏನನ್ನೋ ಸ್ವಲ್ಪ ಬೇರೆ ರೀತಿ ಮಾಡಿ ನೋಡುತ್ತಾರೆ, ಅದರಿಂದ ತಮ್ಮದೇ ಮಕ್ಕಳು ಕಲಿತದ್ದು ಕಣ್ಣಿಗೆ ಬೀಳುತ್ತದೆ, ನಂಬಿಕೆ ಆಮೇಲೆ ಹುಟ್ಟುತ್ತದೆ ಎಂದರು. ಈ ಲೇಖನದ ಹೆಜ್ಜೆಗಳೆಲ್ಲ ಈ ಕ್ರಮವನ್ನೇ ಹಿಡಿದಿವೆ. ನಂಬಿಕೆ ಬರಲಿ ಎಂದು ಕಾಯಬೇಡಿ. ಚಿಕ್ಕದಾಗಿ ಶುರು ಮಾಡಿ, ಮಕ್ಕಳ ಕಲಿಕೆ ನಿಮ್ಮ ಕಣ್ಣಿಗೆ ಬೇಗ ಬೀಳುವ ಹಾಗೆ ಏರ್ಪಾಡು ಮಾಡಿಕೊಳ್ಳಿ.

ನಲಿಕಲಿಯ ಹುಟ್ಟೂ ಹೀಗೆಯೇ ಆದದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಹಲವು ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ಅಲ್ಲಿನ ಬಹುವರ್ಗ ಶಾಲೆಗಳನ್ನು ನೋಡಿ ಬಂದರು. ಬಂದ ಮೇಲೆ ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ತಮ್ಮ ತರಗತಿಯಲ್ಲಿ ಬಳಸಿ ತಿದ್ದಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ, ಮುಂದೆ ಮೂರನೆಯದಕ್ಕೂ ಹಬ್ಬಿತು. ಕೋಟೆಯವರಿಗೆ ಆ ಕಾರ್ಡುಗಳು ತಮ್ಮ ಕೈಯಿಂದ ಬಂದವು. ಉಳಿದ ಸಾವಿರಾರು ಶಿಕ್ಷಕರಿಗೆ ಅವು ಪೆಟ್ಟಿಗೆಯಲ್ಲಿ ಬಂದವು. ಧೈರ್ಯದ ವ್ಯತ್ಯಾಸ ಹುಟ್ಟಿದ್ದು ಅಲ್ಲಿ. ಆದ್ದರಿಂದ ಪೆಟ್ಟಿಗೆಯಲ್ಲಿ ಬಂದದ್ದನ್ನು ನಿಮ್ಮದಾಗಿಸಿಕೊಳ್ಳುವುದೇ ಮೊದಲ ವರ್ಷದ ಕೆಲಸ.

ಹೆಜ್ಜೆ 1: ಭಯಕ್ಕೆ ಹೆಸರಿಡಿ

ಶಾಲೆ ಶುರುವಾಗುವ ಮೊದಲು ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮ್ಮನ್ನು ಕಾಡುತ್ತಿರುವುದನ್ನೆಲ್ಲ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. "ಲೋಗೋ ಅಂದರೇನು ಗೊತ್ತಿಲ್ಲ", "ಸಿಆರ್‌ಪಿ ಬಂದಾಗ ಗಲಾಟೆ ಇದ್ದರೆ ಏನಂತಾರೆ", "ಐದು ಗುಂಪನ್ನು ಒಬ್ಬಳೇ ಹೇಗೆ ನೋಡಲಿ", "ಮಕ್ಕಳು ಓದೋದೇ ಕಲಿಯದಿದ್ದರೆ" ಎಂದು, ಮನಸ್ಸಿನಲ್ಲಿ ಇದ್ದ ಹಾಗೇ. (ಲೋಗೋ ಎಂದರೆ ಕಾರ್ಡಿನ ಮೇಲಿನ ಗುರುತಿನ ಚಿತ್ರ. ಸಿಆರ್‌ಪಿ ಎಂದರೆ ಹತ್ತಿರದ ಕೆಲವು ಶಾಲೆಗಳ ಕ್ಲಸ್ಟರಿಗೆ ಭೇಟಿ ಕೊಡುವ ಸಂಪನ್ಮೂಲ ವ್ಯಕ್ತಿ.)

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳು, ಹೊಸ ಪದ್ಧತಿ ಬಂದಾಗ ಶಿಕ್ಷಕರ ಚಿಂತೆ ಹೆಚ್ಚುಕಡಿಮೆ ಒಂದು ಕ್ರಮದಲ್ಲಿ ಸಾಗುತ್ತದೆ ಎಂದು ಗುರುತಿಸಿದವು. ಮೊದಲು ಮಾಹಿತಿಯ ಚಿಂತೆ, ಆಮೇಲೆ ತನ್ನ ಬಗ್ಗೆಯೇ ಚಿಂತೆ, ಆಮೇಲೆ ನಿಭಾಯಿಸುವ ಚಿಂತೆ, ಅದಾದ ಮೇಲೆ ಮಕ್ಕಳ ಕಲಿಕೆಯ ಚಿಂತೆ. ನಿಮ್ಮ ಪಟ್ಟಿಯ ಪ್ರತಿ ಸಾಲಿನ ಮುಂದೆ ಇದು ಯಾವ ಜಾತಿಯ ಚಿಂತೆ ಎಂದು ಗುರುತು ಹಾಕಿ. ಒಂದೊಂದಕ್ಕೂ ಮದ್ದು ಬೇರೆ. ಮಾಹಿತಿ ಇಲ್ಲದಿದ್ದರೆ ಶಿಕ್ಷಕರ ಕೈಪಿಡಿ ಸಾಕು. ನಿಭಾಯಿಸುವ ಚಿಂತೆಗೆ ಕೈಪಿಡಿ ಪ್ರಯೋಜನಕ್ಕೆ ಬಾರದು, ನಡೆಯುತ್ತಿರುವ ಒಂದು ತರಗತಿಯನ್ನು ನೋಡಬೇಕು. "ಏನಂತಾರೆ" ಎಂಬ ಚಿಂತೆಗೆ ಮುಖ್ಯ ಶಿಕ್ಷಕರೊಡನೆ ಹತ್ತು ನಿಮಿಷ ಮುಖಾಮುಖಿ ಮಾತಾಡಬೇಕು: "ಸರ್, ಮೊದಲ ಎರಡು ತಿಂಗಳು ತರಗತಿಯಲ್ಲಿ ಸದ್ದು ಇರುತ್ತೆ. ಅಷ್ಟು ದಿನ ನನಗೆ ಬಿಟ್ಟುಕೊಡಿ."

ತರಬೇತಿಗಳು ಹಲವು ಸಲ ಸೋಲುವುದು ಇಲ್ಲಿಯೇ. ಶಿಕ್ಷಕರ ಮನಸ್ಸಿನಲ್ಲಿ ಇರುವುದು "ನನ್ನಿಂದ ಆಗುತ್ತಾ" ಎಂಬ ಪ್ರಶ್ನೆ. ವೇದಿಕೆಯಿಂದ ಬರುವುದು ಮಕ್ಕಳ ಹಕ್ಕು, ಸಂತಸದ ಕಲಿಕೆಯ ಮಾತು. ಮಾತು ಸರಿಯಾದದ್ದೇ, ಕೇಳಿಸಿಕೊಳ್ಳುವ ಹೊತ್ತು ಇನ್ನೂ ಬಂದಿರುವುದಿಲ್ಲ.

ಹೆಜ್ಜೆ 2: ಖಾಲಿ ಕೊಠಡಿಯಲ್ಲಿ ಎರಡು ದಿನ

ಮಕ್ಕಳಿಲ್ಲದ ಎರಡು ದಿನ ಈ ಕೆಲಸಕ್ಕೆ ಬೇಕು. ಮೊದಲ ದಿನ ಎಣಿಕೆ. ಒಂದು ವಿಷಯ ಮಾತ್ರ ತೆಗೆದುಕೊಳ್ಳಿ, ಕನ್ನಡವೇ ಇರಲಿ. ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿ, ಮೈಲಿಗಲ್ಲಿನ (ಏಣಿಯ ಒಂದೊಂದು ಹಂತದ) ಪ್ರಕಾರ ಗುಡ್ಡೆ ಹಾಕಿ, ಏಣಿಯ ಕ್ರಮದಲ್ಲಿ ಜೋಡಿಸಿ. ನಲಿಕಲಿ ಸಾಮಗ್ರಿ ಹಲವು ಸಲ ಪರಿಷ್ಕರಣೆಯಾಗಿದೆ. ಹಳೆಯ ಶಾಲೆಗಳ ಟ್ರೇಯಲ್ಲಿ ಎರಡು ಆವೃತ್ತಿಯ ಕಾರ್ಡುಗಳು ಬೆರೆತಿರಬಹುದು. ಗೋಡೆಯ ಏಣಿ ಒಂದು ಆವೃತ್ತಿಯದು, ಕಾರ್ಡು ಇನ್ನೊಂದರದು ಆದರೆ ಮಗು ಏಣಿ ನೋಡಿ ಹೋಗಿ ತಪ್ಪು ಕಾರ್ಡು ತರುತ್ತದೆ, ಗೊಂದಲ ನಿಮ್ಮ ಕಡೆ ವಾಪಸು ಬರುತ್ತದೆ, ನಿಮಗೋ ತಪ್ಪು ನಿಮ್ಮದೇ ಅನಿಸುತ್ತದೆ. ಮೊದಲು ಒಂದೇ ಆವೃತ್ತಿಯನ್ನು ಉಳಿಸಿಕೊಂಡು ಉಳಿದದ್ದನ್ನು ಕಟ್ಟಿ ಬೀರುವಿನಲ್ಲಿಡಿ.

ಕಾಣೆಯಾದ ಕಾರ್ಡುಗಳ ಪಟ್ಟಿ ಮಾಡಿ. ಮೊದಲೆರಡು ಮೈಲಿಗಲ್ಲಿಗೆ ಬೇಕಾದವನ್ನು ಮಾತ್ರ ಈಗ ತಯಾರಿಸಿ. ದಪ್ಪ ರಟ್ಟು, ಬಿಳಿ ಹಾಳೆ, ಮಾರ್ಕರ್, ಮೇಲೆ ಅಗಲದ ಸೆಲ್ಲೋಟೇಪು ಇದ್ದರೆ ಸಾಕು. ಲೋಗೋ ಮತ್ತು ಕಾರ್ಡಿನ ಸಂಖ್ಯೆಯನ್ನು ಮೂಲದಲ್ಲಿ ಇದ್ದ ಜಾಗದಲ್ಲೇ ಬರೆಯಿರಿ. ಇನ್ನೂ ಓದಲು ಬಾರದ ಮಗು ಕಾರ್ಡನ್ನು ಗುರುತಿಸುವುದು ಆ ಲೋಗೋದಿಂದಲೇ. ಇಡೀ ವರ್ಷದ ಕಾರ್ಡುಗಳನ್ನು ಮೇ ತಿಂಗಳಲ್ಲೇ ಮುಗಿಸಿಬಿಡೋಣ ಎಂದು ಹೊರಟವರು ಶಾಲೆ ಶುರುವಾಗುವ ಮೊದಲೇ ದಣಿಯುತ್ತಾರೆ.

ಎರಡನೆಯ ದಿನ ನೀವೇ ಮಗುವಾಗಿ. ಏಣಿಯ ಮುಂದೆ ನಿಂತು ಮೊದಲ ಮೈಲಿಗಲ್ಲಿನ ಮೊದಲ ಲೋಗೋ ನೋಡಿ, ಟ್ರೇಯಿಂದ ಕಾರ್ಡು ತೆಗೆದು, ಆ ಗುಂಪಿನ ಜಾಗದಲ್ಲಿ ಕೂತು, ಕಾರ್ಡು ಹೇಳಿದ್ದನ್ನು ಮಾಡಿ, ಮರಳಿ ಇಟ್ಟು, ಮುಂದಿನದಕ್ಕೆ ಹೋಗಿ. ಕಲ್ಲು, ಬೀಜ ಜೋಡಿಸಬೇಕಾದಲ್ಲಿ ಜೋಡಿಸಿ, ಹಾಡಬೇಕಾದಲ್ಲಿ ಹಾಡಿ. ಮುಗಿಯುವ ಹೊತ್ತಿಗೆ ಯಾವ ಕಾರ್ಡು ಕೆಲಸ ಮಾಡುತ್ತದೆ, ಯಾವುದಕ್ಕೆ ಟ್ರೇ ದೂರವಾಯಿತು, ಎಲ್ಲಿ ಇಬ್ಬರು ಮಕ್ಕಳು ಡಿಕ್ಕಿ ಹೊಡೆಯುತ್ತಾರೆ ಎಂಬುದು ಮೈಗೆ ಗೊತ್ತಾಗಿರುತ್ತದೆ. ಕೈಪಿಡಿಯನ್ನು ಮೂರು ಸಲ ಓದಿದರೂ ಇದು ಬರುವುದಿಲ್ಲ.

ಹೆಜ್ಜೆ 3: ಅತ್ಯುತ್ತಮ ತರಗತಿಯನ್ನಲ್ಲ, ಹತ್ತಿರದ ತರಗತಿಯನ್ನು ನೋಡಿ

ಒಬ್ಬ ಮನುಷ್ಯನಿಗೆ "ಇದು ನನ್ನಿಂದಾಗುತ್ತದೆ" ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ನಂಬಿಕೆಯವರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿನ ದೇಹ ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದು ಬಲವಾದದ್ದು. ಎರಡನೆಯದರಲ್ಲಿ "ತನ್ನಂಥವರು" ಎಂಬ ಮಾತನ್ನು ಗಮನಿಸಿ.

ಜಿಲ್ಲೆಗೇ ಮಾದರಿ ಎನಿಸಿದ ತರಗತಿಗೆ ಹೋದರೆ ಚಪ್ಪರದ ಬಣ್ಣದ ಕಾಗದ, ದುಂಡು ಮೇಜು, ತಪ್ಪಿಲ್ಲದೆ ಹಾಡುವ ಮಕ್ಕಳನ್ನು ಕಂಡು "ಅವರದ್ದು ಬಿಡಿ, ನಮ್ಮಲ್ಲಿ ಆಗಲ್ಲ" ಎನ್ನುತ್ತಾ ವಾಪಸು ಬರುತ್ತೇವೆ. ಇಬ್ಬರೇ ಶಿಕ್ಷಕರಿರುವ, ನಿಮ್ಮಷ್ಟೇ ಮಕ್ಕಳಿರುವ, ನಲಿಕಲಿ ಹಿಡಿದು ಎರಡೋ ಮೂರೋ ವರ್ಷವಾದ ಶಿಕ್ಷಕರನ್ನು ಸಿಆರ್‌ಪಿ ಬಳಿ ಕೇಳಿ ಹುಡುಕಿ. ಜೂನ್ ಕೊನೆಯಲ್ಲಿ ಅರ್ಧ ದಿನ ಓಓಡಿ (ಅನ್ಯ ಕರ್ತವ್ಯ) ಹಾಕಿಸಿಕೊಂಡು ಹೋಗಿ ಬನ್ನಿ.

ಅಲ್ಲಿ ಗೋಡೆ ನೋಡಬೇಡಿ. ಒಂದು ಮಗುವನ್ನು ಆರಿಸಿಕೊಂಡು 20 ನಿಮಿಷ ಅದನ್ನೇ ನೋಡಿ. ಕಾರ್ಡು ಮುಗಿಸಿದ ಮೇಲೆ ಅದು ಏನು ಮಾಡಿತು? ಶಿಕ್ಷಕರಿಗಾಗಿ ಎಷ್ಟು ಹೊತ್ತು ಕಾಯಿತು? ಪಕ್ಕದ ಮಗುವನ್ನು ಕೇಳಿತೇ? ಆಮೇಲೆ 20 ನಿಮಿಷ ಶಿಕ್ಷಕರನ್ನು ನೋಡಿ. ಎರಡು ಗುಂಪು ಒಟ್ಟಿಗೆ ಕರೆದಾಗ ಎಲ್ಲಿಗೆ ಹೋದರು, ಇನ್ನೊಂದಕ್ಕೆ ಏನು ಹೇಳಿದರು ಎಂಬುದನ್ನು ಅದೇ ಮಾತುಗಳಲ್ಲಿ ಬರೆದುಕೊಳ್ಳಿ. ಹೊರಡುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಮೊದಲ ವರ್ಷ ನಿಮಗೆ ಯಾವುದು ಕೈಕೊಟ್ಟಿತ್ತು ಮೇಡಂ?" ಈ ಪ್ರಶ್ನೆಗೆ ಬರುವ ಉತ್ತರ ಒಂದು ತರಬೇತಿಗೆ ಸಮ.

ಹೆಜ್ಜೆ 4: ಐದು ಗುಂಪನ್ನು ಐದು ವಾರದಲ್ಲಿ ಕಟ್ಟಿ

ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ನಲಿಕಲಿಯಲ್ಲಿ ಗುಂಪು ಐದು: ಶಿಕ್ಷಕರ ಸಂಪೂರ್ಣ ಬೆಂಬಲದ್ದು, ಶಿಕ್ಷಕರ ಭಾಗಶಃ ಬೆಂಬಲದ್ದು, ಗೆಳೆಯರ ಸಂಪೂರ್ಣ ಬೆಂಬಲದ್ದು, ಗೆಳೆಯರ ಭಾಗಶಃ ಬೆಂಬಲದ್ದು, ಸ್ವಕಲಿಕೆಯದ್ದು. ಮಗು ಜಾಣನೋ ದಡ್ಡನೋ ಎಂದು ನೋಡಿ ಗುಂಪು ಮಾಡುವುದಿಲ್ಲ. ಆ ದಿನ ಅದು ಯಾವ ಕಾರ್ಡಿನಲ್ಲಿದೆ, ಆ ಕಾರ್ಡಿಗೆ ಎಷ್ಟು ನೆರವು ಬೇಕು ಎಂಬುದರಿಂದ ಗುಂಪು. ಇವತ್ತು ಒಂದನೇ ಗುಂಪಿನಲ್ಲಿ ಕೂತ ಮಗು ನಾಳೆ ಐದನೆಯದರಲ್ಲಿ ಇರಬಹುದು.

ತೆರೆದ ಮೊದಲ ದಿನವೇ ಐದೂ ಗುಂಪು ಹಾಕಿದರೆ ಏನಾಗುತ್ತದೆ? ಗೆಳೆಯರಿಂದ ಕಲಿಯುವುದು ಮಕ್ಕಳಿಗೆ ಗೊತ್ತಿಲ್ಲ, ಒಬ್ಬರೇ ಕೂತು ಮಾಡುವುದೂ ಗೊತ್ತಿಲ್ಲ. ಎಲ್ಲರೂ "ಮಿಸ್, ಮಿಸ್" ಎಂದು ನಿಮ್ಮ ಸುತ್ತ ನೆರೆಯುತ್ತಾರೆ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ವಾರದೊಳಗೆ "ಈ ಪದ್ಧತಿ ನಮ್ಮೂರಿಗೆ ಸರಿಹೋಗಲ್ಲ" ಎಂಬ ತೀರ್ಮಾನ ಬರುತ್ತದೆ. ಸೋತದ್ದು ಪದ್ಧತಿಯೂ ಅಲ್ಲ, ನೀವೂ ಅಲ್ಲ. ಕೂರುವ, ಏಳುವ, ಕಾರ್ಡು ತರುವ ರೂಢಿಯನ್ನು ಯಾರೂ ಮಕ್ಕಳಿಗೆ ಕಲಿಸಿರಲಿಲ್ಲ, ಅಷ್ಟೇ.

ಮೊದಲ ವಾರ ಗುಂಪೇ ಬೇಡ. ಹಾಡು, ಆಟ, ಕಥೆ, ಮತ್ತು ನಾಲ್ಕು ರೂಢಿ: ಏಣಿ ನೋಡುವುದು, ಕಾರ್ಡು ತೆಗೆಯುವುದು, ತಂದ ಜಾಗದಲ್ಲೇ ಇಡುವುದು, ಚಪ್ಪಾಳೆಯ ಸಂಜ್ಞೆಗೆ ನಿಲ್ಲುವುದು. ದಿನಕ್ಕೆ ಒಂದೇ ರೂಢಿ, ಆಟವಾಗಿ, ಹತ್ತು ಸಲ. ಒಂದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ 12 ವಾರದ ವಿದ್ಯಾಪ್ರವೇಶ (ಆಟದ ಮೂಲಕ ಶಾಲೆಗೆ ಒಗ್ಗಿಸುವ) ಚಟುವಟಿಕೆಗಳೂ ಇರುವುದರಿಂದ ಅವರ ಆಟವನ್ನು ಇದಕ್ಕೆ ಜೋಡಿಸಿಕೊಳ್ಳಬಹುದು.

ಎರಡನೇ ವಾರ ಎರಡು ಗುಂಪು: ನಿಮ್ಮ ಜೊತೆ ಕೂರುವವರು, ತಾವಾಗಿ ಮಾಡುವವರು. ತಾವಾಗಿ ಮಾಡುವವರಿಗೆ ತೀರಾ ಸುಲಭದ, ಈಗಾಗಲೇ ಬರುವ ಕೆಲಸವನ್ನೇ ಕೊಡಿ. ಬಣ್ಣ ತುಂಬುವುದು, ನೆಲದ ಹಲಗೆಯ ಮೇಲೆ ಗೆರೆ ಎಳೆಯುವುದು. ಈ ವಾರದ ಗುರಿ ಅವರು ಹತ್ತು ನಿಮಿಷ ನಿಮ್ಮನ್ನು ಕರೆಯದೆ ಇರುವುದು. ಮೂರನೇ ವಾರ ಗೆಳೆಯರ ಗುಂಪು ಸೇರಿಸಿ. ಕಳೆದ ವರ್ಷವೂ ಇದೇ ಕೊಠಡಿಯಲ್ಲಿದ್ದ ಎರಡು, ಮೂರನೇ ತರಗತಿಯ ಮಕ್ಕಳು ಇಲ್ಲಿ ನಿಮ್ಮ ಆಸ್ತಿ. ನಿಮಗಿಂತ ಅವರಿಗೆ ನಲಿಕಲಿ ಚೆನ್ನಾಗಿ ಗೊತ್ತು. ಅವರನ್ನು ಕೇಳಿ ಕಲಿಯಲು ಸಂಕೋಚ ಬೇಡ. "ಈ ಕಾರ್ಡು ಆದಮೇಲೆ ಏನು ಮಾಡ್ಬೇಕು ಪುಟ್ಟಾ?" ಎಂದು ಶಿಕ್ಷಕರೇ ಕೇಳಿದ ದಿನ ಆ ಮಗುವಿನ ನಡಿಗೆಯೇ ಬದಲಾಗುತ್ತದೆ. ನಾಲ್ಕನೇ ವಾರ ನಾಲ್ಕು, ಐದನೇ ವಾರ ಐದು.

ಗುಂಪುಗಳು ನಿಂತ ಮೇಲೆ ಸಮಯದ ಹಂಚಿಕೆ. ಎರಡು ಪೀರಿಯಡ್ ಸೇರಿಸಿ 80 ನಿಮಿಷ ಸಿಗುತ್ತದೆ ಎಂದುಕೊಳ್ಳಿ. ಮೊದಲ 10 ನಿಮಿಷ ಎಲ್ಲರೂ ಒಟ್ಟಿಗೆ, ಹಾಡು ಮತ್ತು ಗುಂಪು ಹಂಚಿಕೆ. ಆಮೇಲೆ 25 ನಿಮಿಷ ಒಂದನೇ ಗುಂಪಿನ ಜೊತೆ ನೆಲಕ್ಕೆ ಕೂತು, ಏಳದೆ. 5 ನಿಮಿಷ ಉಳಿದವರ ಬಳಿ ಒಂದು ಸುತ್ತು. 15 ನಿಮಿಷ ಎರಡನೇ ಗುಂಪು. ಮತ್ತೆ 5 ನಿಮಿಷದ ಸುತ್ತು. 10 ನಿಮಿಷ ಒಂದನೇ ಗುಂಪಿಗೆ ವಾಪಸು, ಕಲಿತದ್ದನ್ನು ಹೇಳಿಸಲು. ಕೊನೆಯ 10 ನಿಮಿಷ ಕಾರ್ಡು ಜೋಡಿಸಿ, ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂದು ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು. ಇದು ಶಾಸನವಲ್ಲ, ಹಿಡಿದುಕೊಳ್ಳಲು ಒಂದು ಕಂಬ. "ಏಳದೆ" ಎಂಬುದನ್ನು ಮಾತ್ರ ಬಿಡಬೇಡಿ. ಪ್ರತಿ ಕೂಗಿಗೂ ಎದ್ದು ಹೋಗುವ ಶಿಕ್ಷಕರು ಸಂಜೆಗೆ ಯಾರಿಗೂ ಏನೂ ಕಲಿಸಿಲ್ಲ ಎಂಬ ಭಾವನೆಯಲ್ಲೇ ಮನೆಗೆ ಹೋಗುತ್ತಾರೆ.

ಹೆಜ್ಜೆ 5: ಐದು ಮಕ್ಕಳ ನೋಟ್‌ಬುಕ್

ಈ ಒಂದು ಹೆಜ್ಜೆಯನ್ನು ಬಿಟ್ಟರೆ ಉಳಿದವುಗಳಿಂದ ಧೈರ್ಯ ಹುಟ್ಟುವುದು ಕಷ್ಟ. ಪ್ರಗತಿ ನೋಟ, ರೂಪಣಾತ್ಮಕ ಮೌಲ್ಯಮಾಪನದ ದಾಖಲೆ ಇವೆಲ್ಲ ಇಲಾಖೆಗೆ ಬೇಕು. ನಿಮಗೆ ಬೇಕಾದ ಪುರಾವೆಯನ್ನು ನೀವೇ ಬೇರೆಯಾಗಿ ಕೂಡಿಡಬೇಕು.

ಐದು ಮಕ್ಕಳನ್ನು ಆರಿಸಿಕೊಳ್ಳಿ: ಬೇಗ ಕಲಿಯುವ ಒಬ್ಬರು, ನಡುವಿನ ಇಬ್ಬರು, ತಡವಾಗುವ ಒಬ್ಬರು, ಆಗಾಗ ಗೈರಾಗುವ ಒಬ್ಬರು. ಒಬ್ಬೊಬ್ಬರಿಗೂ ನಾಲ್ಕು ಪುಟ. ಪ್ರತಿ ಶನಿವಾರ 15 ನಿಮಿಷ, ಒಂದು ಮಗುವಿಗೆ ಮೂರು ನಿಮಿಷದ ಹಾಗೆ, ಒಂದೇ ಬಗೆಯ ಚಿಕ್ಕ ಕೆಲಸ ಕೊಟ್ಟು ದಿನಾಂಕ ಹಾಕಿ ಬರೆಯಿರಿ.

ಕನ್ನಡದಲ್ಲಿ ನಲಿಕಲಿ ವರ್ಣಮಾಲೆಯ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಎಂಬ ಗುಂಪಿನಿಂದ ಶುರು, ಆಮೇಲೆ ಜ, ವ, ಮ, ಬ, ನ. ಬರೆಯಲು ಹತ್ತಿರದ ಆಕಾರದ, ಬೇಗ ಪದ ಕಟ್ಟಲು ಬರುವ ಅಕ್ಷರಗಳು. ಮೊದಲ ಐದು ಅಕ್ಷರ ಬಂದರೆ ಮಗು ಸರ, ದರ, ರಸ, ಅರಸ, ಅಗಸ, ಗರಗಸ ಓದಬಲ್ಲದು. ಶನಿವಾರದ ಕೆಲಸಕ್ಕೆ ಇಂಥ ಆರು ಪದ ಬರೆದ ಚೀಟಿ ಸಾಕು, ಅದರಲ್ಲಿ ಎರಡು ಕಾರ್ಡಿನಲ್ಲಿ ಇಲ್ಲದವು ಇರಲಿ. ಎಷ್ಟು ಓದಿತು, ಎಲ್ಲಿ ತಡೆಯಿತು, ಇಷ್ಟನ್ನೇ ಬರೆಯಿರಿ. "ಚೆನ್ನಾಗಿದೆ", "ಪರವಾಗಿಲ್ಲ" ಎಂದು ಬರೆದರೆ ಎಂಟು ವಾರದ ನಂತರ ಅದರಿಂದ ಏನೂ ಗೊತ್ತಾಗುವುದಿಲ್ಲ. "ಗರಗಸವನ್ನು ಅಕ್ಷರ ಅಕ್ಷರ ಓದಿದಳು, ಕೂಡಿಸಲಿಲ್ಲ" ಎಂದು ಬರೆದಿದ್ದರೆ, ಅವಳು ಕೂಡಿಸಿ ಓದಿ ನಕ್ಕ ಶನಿವಾರ ನಿಮಗೆ ಕೈಯಲ್ಲಿ ಹಿಡಿದು ನೋಡುವಷ್ಟು ಸ್ಪಷ್ಟವಾಗಿ ಸಿಗುತ್ತದೆ. ಬಂಡೂರಾ ಹೇಳಿದ ಮೊದಲನೆಯ ಮೂಲ ಇದೇ. ದಿನನಿತ್ಯದ ಗದ್ದಲದಲ್ಲಿ ಅದು ಕಣ್ಣಿಗೆ ಬೀಳದೆ ಜಾರಿ ಹೋಗುತ್ತದೆ, ಬರೆದಿಟ್ಟರೆ ಮಾತ್ರ ಉಳಿಯುತ್ತದೆ.

ಗೈರಾಗುವ ಮಗುವನ್ನು ಪಟ್ಟಿಯಲ್ಲಿ ಇಡಲು ಹೇಳಿದ್ದಕ್ಕೆ ಕಾರಣವಿದೆ. ಸುಗ್ಗಿಗೋ ಜಾತ್ರೆಗೋ ಹತ್ತು ದಿನ ಹೋಗಿ ಬಂದ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುವುದನ್ನು ಒಮ್ಮೆ ನೋಡಿ. ಇಡೀ ತರಗತಿಗೆ ಒಂದೇ ಪಾಠ ಮಾಡುವಾಗ ಆ ಮಗುವಿನ ಬಗ್ಗೆ ಇರುತ್ತಿದ್ದ ಅಪರಾಧಿ ಭಾವ ಇಲ್ಲಿ ಇರುವುದಿಲ್ಲ. ಎಷ್ಟೋ ಶಿಕ್ಷಕರಿಗೆ ಈ ಪದ್ಧತಿ ಹಿಡಿಸುವುದು ಇಲ್ಲಿಂದಲೇ.

ಹೆಜ್ಜೆ 6: ಜುಲೈ, ಆಗಸ್ಟ್‌ನ ಇಳಿಜಾರು

ನಾಲ್ಕನೆಯ ವಾರದಿಂದ ಎಂಟು ಹತ್ತನೆಯ ವಾರದವರೆಗೆ ಒಂದು ತಗ್ಗು ಬರುತ್ತದೆ. ಮೊದಲ ಹುರುಪು ಇಳಿದಿರುತ್ತದೆ, ಹೊಸ ರೂಢಿ ಇನ್ನೂ ಮೈಗೆ ಹತ್ತಿರುವುದಿಲ್ಲ. ಕೆಲವು ಮಕ್ಕಳು ಆರನೇ ಕಾರ್ಡಿನಲ್ಲಿ, ಕೆಲವರು ಮೂವತ್ತರಲ್ಲಿ. ಮಳೆಗಾಲದ ಜ್ವರ, ಎಸ್‌ಎಟಿಎಸ್ (ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣ) ನಮೂದು, ಸ್ವಾತಂತ್ರ್ಯ ದಿನದ ತಯಾರಿ ಎಲ್ಲ ಆಗಲೇ ಬರುತ್ತವೆ. ಹಳೆಯ ಪದ್ಧತಿಯಲ್ಲಿ ಇಷ್ಟು ಹೊತ್ತಿಗೆ ಇಷ್ಟು ಪಾಠ ಆಗಿರುತ್ತಿತ್ತು ಎಂಬ ಲೆಕ್ಕ ಮನಸ್ಸಿನಲ್ಲಿ ಓಡುತ್ತದೆ. ಇದು ಬಂದೇ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಂಡವರು ಇದನ್ನು ತಮ್ಮ ಸೋಲು ಎಂದು ಓದುವುದಿಲ್ಲ.

ಆಗ ಮಾಡಬೇಕಾದ್ದು, ಬಿಡದೆ ಕಡಿಮೆ ಮಾಡುವುದು. ಕನ್ನಡವನ್ನು ಐದು ಗುಂಪಿನಲ್ಲಿ ನಡೆಸಿ. ಗಣಿತ ಮತ್ತು ಪರಿಸರ ಅಧ್ಯಯನವನ್ನು ಎರಡು ವಾರ ಎರಡೇ ಗುಂಪಿಗೆ ಇಳಿಸಿ. ಕೈಕೊಡುತ್ತಿರುವ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಕ್ಲಸ್ಟರಿನ ಶಿಕ್ಷಕರ ಸಮಾಲೋಚನಾ ಸಭೆಗೆ ಒಯ್ಯಿರಿ. ರಾತ್ರಿ ಹನ್ನೊಂದರವರೆಗೆ ಕೂತು ಹೊಸ ಚಾರ್ಟು ಬರೆಯಬೇಡಿ. ದಣಿದ ಮೈ ಮಾರನೆಯ ದಿನದ ಗದ್ದಲವನ್ನು ಇಮ್ಮಡಿ ಮಾಡಿ ಕೇಳಿಸುತ್ತದೆ.

ಇದೇ ಹೊತ್ತಿನಲ್ಲಿ ಒಂದು ಆಸೆ ಕಾಡುತ್ತದೆ: ಪ್ರಗತಿ ನೋಟದಲ್ಲಿ ಮಗುವನ್ನು ಎರಡು ಮೆಟ್ಟಿಲು ಮುಂದೆ ಗುರುತಿಸಿಬಿಡುವುದು. ಮೇಲಿನವರು ಬಂದಾಗ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕಂಡರೆ ಮಾತು ಮುಗಿಯುತ್ತದಲ್ಲ ಎಂದು. ದಯವಿಟ್ಟು ಇದನ್ನು ಮಾಡಬೇಡಿ. ಬಾರದ ಕಾರ್ಡಿನ ಮೇಲೆ ಕೂತ ಮಗು ಮುಂದಿನ ಪ್ರತಿ ಕಾರ್ಡಿಗೂ ನಿಮ್ಮನ್ನೇ ಕರೆಯುತ್ತದೆ, ಸ್ವಕಲಿಕೆಯ ಗುಂಪು ಕುಸಿಯುತ್ತದೆ, ಎಲ್ಲ ಭಾರ ಮತ್ತೆ ಒಂದನೇ ಗುಂಪಿಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ನಿಮ್ಮ ದಾಖಲೆಯನ್ನು ನೀವೇ ನಂಬದ ಸ್ಥಿತಿ ಬರುತ್ತದೆ. ಮಕ್ಕಳು ಬೇರೆ ಬೇರೆ ಮೆಟ್ಟಿಲಲ್ಲಿ ಇರುವುದು ನಲಿಕಲಿಯಲ್ಲಿ ತಪ್ಪಲ್ಲ, ಅದು ಇರುವುದೇ ಹಾಗೆ. ಭೇಟಿಗೆ ಬಂದವರಿಗೆ ಐದು ಮಕ್ಕಳ ನೋಟ್‌ಬುಕ್ ತೋರಿಸಿ. ಜೂನ್‌ನಲ್ಲಿ ಎರಡು ಪದ, ಆಗಸ್ಟ್‌ನಲ್ಲಿ ಆರು ಎಂಬುದು ಯಾವ ಚಾರ್ಟಿಗಿಂತಲೂ ಗಟ್ಟಿಯಾಗಿ ಮಾತಾಡುತ್ತದೆ.

ಹೆಜ್ಜೆ 7: "ಅ ಆ ಇ ಈ ಯಾಕೆ ಬರಲ್ಲ ಮೇಷ್ಟ್ರೇ?"

ಪಾಲಕರ ಈ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಖಾಸಗಿ ಶಾಲೆಯ ಮಗು ವರ್ಣಮಾಲೆಯನ್ನು ಗಡಗಡ ಒಪ್ಪಿಸುತ್ತದೆ, ನಮ್ಮ ಮಗು "ಆಡಿದ್ವಿ" ಎನ್ನುತ್ತದೆ. ಹೊಸ ಶಿಕ್ಷಕರ ಧೈರ್ಯ ಉಡುಗುವುದು ಇಂಥ ಕ್ಷಣದಲ್ಲಿ. ಉತ್ತರವನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ. ಜುಲೈ ಕೊನೆಯಲ್ಲಿ ತಾಯಂದಿರನ್ನು ಕರೆಯಿರಿ. ಭಾಷಣ ಐದು ನಿಮಿಷ ಮೀರದಿರಲಿ. ಅವರ ಮಗುವಿನ ಕೈಗೇ ಪದದ ಚೀಟಿ ಕೊಟ್ಟು ಓದಿಸಿ. "ನೋಡಿ ಅಕ್ಕಾ, ಐದೇ ಅಕ್ಷರ ಬರುತ್ತೆ, ಆದ್ರೆ ಅದರಲ್ಲೇ ಆರು ಪದ ಓದ್ತಾನೆ. ಒಪ್ಪಿಸೋದಲ್ಲ, ಓದೋದು. ಎಲ್ಲ ಅಕ್ಷರ ಮುಗಿದ ಮೇಲೆ ಅ ಆ ಇ ಈ ಕ್ರಮದಲ್ಲೂ ಹೇಳಿಸ್ತೀವಿ" ಎಂದರೆ ಸಾಕು. ಓದಲು ಅಳುಕುವ ಮಗುವನ್ನು ಅಂದು ಎಲ್ಲರ ಮುಂದೆ ನಿಲ್ಲಿಸಬೇಡಿ, ಅದರ ತಾಯಿಗೆ ಬೇರೆಯಾಗಿ ನೋಟ್‌ಬುಕ್ ತೋರಿಸಿ.

ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳಿದ್ದರೆ ಮೊದಲ ತಿಂಗಳು ಕಾರ್ಡಿನ ವೇಗ ನೋಡಬೇಡಿ. ಚಿತ್ರಕ್ಕೆ ಅವರ ಮನೆಮಾತಿನಲ್ಲಿ ಏನಂತಾರೆ ಎಂದು ಕೇಳಿ ಕನ್ನಡ ಪದದ ಪಕ್ಕ ಅದನ್ನೂ ಹೇಳಿಸಿ. ನಿಮಗೆ ಆ ಭಾಷೆ ಬಾರದಿದ್ದರೆ ಮಕ್ಕಳೇ ಕಲಿಸುತ್ತಾರೆ.

ಹೆಜ್ಜೆ 8: ಒಬ್ಬಂಟಿಯಾಗಿ ಇರಬೇಡಿ, ಒಂದು ಕಾರ್ಡು ನಿಮ್ಮದಿರಲಿ

ಕ್ಲಸ್ಟರಿನಲ್ಲಿ ನಿಮ್ಮ ಹಾಗೆಯೇ ಹೊಸದಾಗಿ ನಲಿಕಲಿ ಹಿಡಿದ ಇನ್ನೊಬ್ಬರನ್ನು ಜೊತೆ ಮಾಡಿಕೊಳ್ಳಿ. ವಾರಕ್ಕೊಂದು ಫೋನ್, 15 ನಿಮಿಷ. ಕೇಳಬೇಕಾದ್ದು ಎರಡೇ: ಈ ವಾರ ಯಾವುದು ನಡೆಯಿತು, ಯಾವುದು ನಿಂತಿತು. ಸಮಾಲೋಚನಾ ಸಭೆಗೆ ಹೋಗುವಾಗ ಕೈಕೊಟ್ಟ ಒಂದು ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. "ನಲಿಕಲಿ ಕಷ್ಟ" ಎಂಬ ಮಾತಿಗೆ ಸಭೆಯಲ್ಲಿ ಉತ್ತರವಿಲ್ಲ. "ಈ ಕಾರ್ಡಿನಲ್ಲಿ ಮಕ್ಕಳು ಇಲ್ಲಿ ನಿಲ್ತಾರೆ" ಎಂದು ತೋರಿಸಿದರೆ ನಾಲ್ಕು ಜನ ನಾಲ್ಕು ಉಪಾಯ ಹೇಳುತ್ತಾರೆ.

ಎರಡನೇ ಅವಧಿಯಿಂದ, ಅಂದರೆ ದಸರಾ ರಜೆಯ ನಂತರ, ತಿಂಗಳಿಗೆ ಒಂದು ಕಾರ್ಡನ್ನು ನೀವೇ ರಚಿಸಿ. ಊರಿನ ಕೆರೆ, ಸಂತೆ, ಅಡಿಕೆ ಸುಲಿಯುವುದು, ರೇಷ್ಮೆ ಗೂಡು, ಯಾವುದಾದರೂ ಸರಿ. ಇರುವ ಕಾರ್ಡಿನ ಬದಲಿಗೆ ಇದು ಬೇಡ, ಅದೇ ಮೆಟ್ಟಿಲಿನ ಹೆಚ್ಚುವರಿ ಅಭ್ಯಾಸವಾಗಿ ಇರಲಿ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಇದ್ದ ಒಡೆತನದ ಒಂದು ಎಳೆ ಇದರಿಂದ ನಿಮಗೂ ಸಿಗುತ್ತದೆ. ಮಕ್ಕಳು ಟ್ರೇಯಿಂದ "ಮಿಸ್ ಬರೆದ ಕಾರ್ಡು" ಹುಡುಕಿ ತೆಗೆಯುವಾಗ ಆಗುವ ಸಂತೋಷವನ್ನು ಯಾವ ಸುತ್ತೋಲೆಯೂ ಕೊಡಲಾರದು.

ಮುಖ್ಯ ಶಿಕ್ಷಕರಿಗೆ, ಸಿಆರ್‌ಪಿಗಳಿಗೆ

ಶಿಕ್ಷಕರ ಹುರುಪು ಅವರೊಬ್ಬರ ಮನೋಬಲದ ಮಾತಲ್ಲ. ಅದನ್ನು ಉಳಿಸುವುದೂ ಕೆಡಿಸುವುದೂ ನಿಮ್ಮ ಕೈಯಲ್ಲಿ ಬಹಳಷ್ಟಿದೆ.

ನಲಿಕಲಿಗೆ ಕೊಟ್ಟ ಶಿಕ್ಷಕರನ್ನು ಕನಿಷ್ಠ ಎರಡು ವರ್ಷ ಅಲ್ಲೇ ಇಡಿ. ಮೊದಲ ವರ್ಷದ ಕಷ್ಟದ ಫಲ ಎರಡನೆಯ ವರ್ಷಕ್ಕೆ ಬರುತ್ತದೆ, ಅಷ್ಟರಲ್ಲಿ ಬದಲಿಸಿದರೆ ಅವರಿಗೆ ಉಳಿಯುವುದು ಕಷ್ಟದ ನೆನಪು ಮಾತ್ರ. ತಯಾರಿಗೆ ಸಮಯ ಕೊಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯು ಶಿಕ್ಷಕರ ವಾರದ ಕೆಲಸ ಕನಿಷ್ಠ 45 ಗಂಟೆ ಎನ್ನುವಾಗ ತಯಾರಿಯ ಸಮಯವನ್ನೂ ಸೇರಿಸಿಯೇ ಹೇಳುತ್ತದೆ. ಹಾಗಾಗಿ ಕಾರ್ಡು ಜೋಡಿಸುತ್ತಾ ಕೂತ ಶಿಕ್ಷಕಿ ಬಿಡುವಾಗಿ ಇದ್ದಾರೆ ಎಂದು ಬೇರೆ ತರಗತಿಗೆ ಕಳಿಸಬೇಡಿ. ಅದೇ ವರ್ಷ ಇನ್ನೊಂದು ಹೊಸ ಕಾರ್ಯಕ್ರಮದ ಜವಾಬ್ದಾರಿಯನ್ನು ಅವರ ಮೇಲೆ ಹೇರಬೇಡಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಆ ಗಂಟೆಗಳನ್ನು ಸಭಾಂಗಣದಲ್ಲೇ ಕಳೆಯುವ ಬದಲು, ಒಂದು ಭಾಗವನ್ನು ಇನ್ನೊಬ್ಬರ ತರಗತಿಯಲ್ಲಿ ಕೂತು ನೋಡಲು ಬಳಸಿಕೊಳ್ಳಲು ದಾರಿ ಮಾಡಿಕೊಡಿ.

ಸಿಆರ್‌ಪಿಗಳು ಮೊದಲ ಭೇಟಿಯಲ್ಲಿ ಪುಸ್ತಕ ತೆರೆದು ದೋಷ ಬರೆಯುವ ಮೊದಲು ಎರಡನೇ ಗುಂಪಿನ ಜೊತೆ 20 ನಿಮಿಷ ಕೂತು ಕಾರ್ಡು ಮಾಡಿಸಿ. ಆಮೇಲೆ ಹೇಳುವ ಸಲಹೆ ಒಂದೇ ಇರಲಿ, ಮುಂದಿನ ಭೇಟಿಯಲ್ಲಿ ಅದನ್ನೇ ಕೇಳಿ. ಮೆಚ್ಚುವಾಗ "ತುಂಬಾ ಚೆನ್ನಾಗಿದೆ ಮೇಡಂ" ಎಂದು ಬಿಡಬೇಡಿ. "ನೀವು ಏಳದೆ ಕೂತಿದ್ರಿ, ಅದಕ್ಕೇ ಆ ಹುಡುಗ ಪಕ್ಕದವಳನ್ನ ಕೇಳಿ ಮುಗಿಸಿದ" ಎಂದರೆ ಅವರು ಮಾಡಿದ್ದರಲ್ಲಿ ಯಾವುದು ಫಲ ಕೊಟ್ಟಿತು ಎಂಬುದು ಅವರಿಗೇ ತಿಳಿಯುತ್ತದೆ. ಚಪ್ಪರದ ಅಲಂಕಾರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿದರೆ ಶಿಕ್ಷಕರ ಎಷ್ಟೋ ಸಂಜೆಗಳು ಉಳಿಯುತ್ತವೆ.

ಏಪ್ರಿಲ್‌ನ ಕೊನೆಯ ಕೆಲಸ

ರಜೆಗೆ ಮೊದಲು ಕಾರ್ಡುಗಳನ್ನು ಮೈಲಿಗಲ್ಲಿನ ಪ್ರಕಾರ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಪ್ರತಿ ಕಟ್ಟಿನ ಮೇಲೆ ಎಷ್ಟು ಕಾರ್ಡು, ಯಾವುದು ಇಲ್ಲ ಎಂಬ ಚೀಟಿ ಸಿಕ್ಕಿಸಿ. ಗೆದ್ದಲಿನ ಊರಾದರೆ ಟ್ರೇಯನ್ನು ನೆಲದಲ್ಲಿ ಬಿಡದೆ ಬೀರುವಿನಲ್ಲಿಡಿ, ಜೊತೆಗೆ ಬೇವಿನ ಸೊಪ್ಪು. ಪ್ರತಿ ಮಗು ಯಾವ ಕಾರ್ಡಿನಲ್ಲಿ ನಿಂತಿದೆ ಎಂಬ ಒಂದು ಪುಟದ ಪಟ್ಟಿ, ಹೆಚ್ಚು ಕೈಕೊಟ್ಟ ಐದು ಕಾರ್ಡುಗಳ ಸಂಖ್ಯೆ, ಅವಕ್ಕೆ ನೀವು ಕಂಡುಕೊಂಡ ಉಪಾಯ, ಇಷ್ಟನ್ನು ಒಂದು ಲಕೋಟೆಯಲ್ಲಿಟ್ಟು ಟ್ರೇಯ ಮೇಲೆಯೇ ಇಡಿ. ಮುಂದಿನ ಜೂನ್‌ನಲ್ಲಿ ಆ ಬಾಗಿಲು ತೆರೆಯುವವರು ನೀವೇ ಆಗಿರಬಹುದು, ಅಥವಾ ವರ್ಗವಾಗಿ ಬಂದು, ಕೈಯಲ್ಲಿ ಬೀಗದ ಕೈ ಹಿಡಿದು, ಒಳಗೆ ಹೋಗಲು ಅಳುಕುತ್ತಾ ನಿಂತ ಇನ್ನೊಬ್ಬರಾಗಿರಬಹುದು.